ಕಿಟಕಿ ಅಕ್ಕನ ಕನ್ನಡಕ

ದಿಂಬಿನ ಕಾರ್ಖಾನೆಗೆ ಸೇರಿದ ಮೊದಲ ದಿನವೇ ನಮ್ಮ ಚೆಕರ್ ಮಹಾಶಯ ಎಲ್ಲಿಗೂ ಹೋಗದ ಒಂದು ಸಾಲಿನಲ್ಲಿ ಶ್ರದ್ಧೆಯಿಂದ ನಿಂತಿದ್ದ. ಈ ಚೆಕರ್ ಯಾರು ಅಂತ ಕೇಳಿದರೆ ಹೇಳುವುದಕ್ಕೆ ನಾಚಿಕೆ. ಇದನ್ನು ಬರೆಯುತ್ತಿರುವ ಕೈಯೂ ಅವನ ಕೈಯೂ ಒಂದೇ ಅಂತಷ್ಟೇ ಹೇಳಿ ಮುಂದೆ ಹೋಗುವುದು ಕ್ಷೇಮ. ‘ನಾನು’ ಅಂತ ಬರೆದರೆ ಅವನ ಪರ ವಕೀಲಿ ಮಾಡಬೇಕಾಗುತ್ತದೆ. ‘ಅವನು’ ಅಂತ ಬರೆದರೆ ನೀವು ಬೈಯುವಾಗ ಜೊತೆಗೆ ನಾನೂ ಎರಡು ಮಾತು ಸೇರಿಸಬಹುದು.

ಅವನು ಗೇಟು ದಾಟಿ ಒಳಗೆ ಬಂದಾಗ ಮೆಟ್ಟಿಲ ಪಕ್ಕದ ಗೋಡೆಗೆ ಆತುಕೊಂಡು ಒಬ್ಬ ಹೆಂಗಸು ನಿಂತಿದ್ದರು. ಐವತ್ತರ ಆಸುಪಾಸಿನವರು. ಕನ್ನಡಕ ತಲೆಯ ಮೇಲೆ, ಊಟದ ಡಬ್ಬಿ ಕಂಕುಳಲ್ಲಿ. ಹೊಸಬರಿಗೆ ಗುರುತಿನ ಚೀಟಿ ಕೊಡುತ್ತಾರೆ ಅಂತ ಯಾರೋ ಹೇಳಿದ್ದರಲ್ಲ, ಅದರ ಸಾಲು ಇದೇ ಇರಬೇಕು ಅಂದುಕೊಂಡು ಅವನು ಅವರ ಹಿಂದೆ ನಿಂತ. ಹೊಸ ಟೈ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ಒಂದು ಗಳಿಗೆಗೆ ಅವನ ಹಿಂದೆ ಒಬ್ಬಳು ನಿಂತಳು. ಅವಳ ಹಿಂದೆ ಇನ್ನಿಬ್ಬರು. ಸಾಲು ಬೆಳೆದು ಬೆಳೆದು ಸೈಕಲ್ ಸ್ಟ್ಯಾಂಡು ಮುಟ್ಟಿತು.

“ಏನಣ್ಣಾ ಕೊಡ್ತಾ ಇರೋದು?” ಹಿಂದಿನವಳು ಕೇಳಿದಳು.

“ಗುರುತಿನ ಚೀಟಿ,” ಅಂದ ಅವನು, ತಾನೇ ಅಚ್ಚು ಹಾಕಿಸಿದವನ ಹಾಗೆ.

ಅದು ಸಾಲಿನ ಬಾಲದವರೆಗೆ ಹೋಗುವಷ್ಟರಲ್ಲಿ ಬೋನಸ್ ಆಗಿತ್ತು. ಹಿಂದಿನಿಂದ ನೂಕಾಟ ಶುರುವಾಯಿತು. ಚೆಕರ್ ಮುಂದಿದ್ದ ಹೆಂಗಸಿಗೆ ಮೆತ್ತಗೆ ಹೇಳಿದ: “ಸ್ವಲ್ಪ ಮುಂದೆ ಹೋಗಿ ಅಮ್ಮಾ.”

“ಎಲ್ಲಿಗಪ್ಪಾ?”

“ಸಾಲಿನಲ್ಲಿ.”

“ಯಾವ ಸಾಲು?” ಅವರು ತಿರುಗಿ ನೋಡಿ ಬೆಚ್ಚಿಬಿದ್ದರು. “ಅಯ್ಯೋ ಶಿವನೇ! ನನಗೆ ಕಾಲು ಜೋಮು ಹಿಡಿದಿದೆ ಅಂತ ನಿಂತಿದೀನಿ. ನೀವೆಲ್ಲ ಯಾಕೆ ನಿಂತಿದೀರಾ?”

ನಗು ಸೈಕಲ್ ಸ್ಟ್ಯಾಂಡಿನವರೆಗೂ ಉರುಳಿತು. ಹಿಂದಿನವಳು ಸೊಂಟಕ್ಕೆ ಕೈಯಿಟ್ಟು, “ಕುತ್ತಿಗೆಗೆ ಟೈ ಕಟ್ಟಿದೋನು ನಿಂತಿದಾನೆ, ಸುಮ್ಸುಮ್ನೆ ನಿಂತಿರ್ತಾನಾ ಅಂತ ನಾವು ನಿಂತ್ವಿ. ಥೂ ನಿನ್ನ!” ಅಂದಳು. ಆ ಮಾತು ಅವನ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಯಿತು. ಅವನ ತಲೆಯಲ್ಲಿ ಉಳಿದದ್ದು ಒಂದೇ: ಈ ಹೆಂಗಸು ಕಾಲು ಜೋಮು ಹಿಡಿದು ನಿಂತರೂ ಜನ ಹಿಂದೆ ಸಾಲುಗಟ್ಟುತ್ತಾರೆ, ಅಬ್ಬಾ!

ಅವರೇ ಕಿಟಕಿ ಅಕ್ಕ.

ಕಾರ್ಖಾನೆ ಅಂದರೆ ಮಹಡಿಯ ಮೇಲಿನ ಒಂದು ಉದ್ದನೆಯ ಹಾಲ್. ಎರಡು ಸಾಲು ಹೊಲಿಗೆ ಮೆಷಿನ್ನು, ನಡುವೆ ಮೈ ಅಡ್ಡ ಮಾಡಿಕೊಂಡು ನಡೆಯಬೇಕಾದಷ್ಟು ಜಾಗ. ಒಂದು ತುದಿಗೆ ಸರಳು ಹಾಕಿದ ಕಿಟಕಿ, ಅದರ ಕೆಳಗೆ ಮೊದಲ ಮೆಷಿನ್ನು, ಅದರ ಮುಂದೆ ಅಕ್ಕ. ಇನ್ನೊಂದು ತುದಿಗೆ ಬಾಗಿಲು. ಅದರ ಪಕ್ಕ ಸೂಪರ್‌ವೈಸರನ ಗಾಜಿನ ಕೋಣೆ, ಕೋಣೆಗೆ ಅಂಟಿಕೊಂಡು ಚೆಕರನ ಮೇಜು. ಹೊಲಿದು ತುಂಬಿದ ದಿಂಬುಗಳು ಬಂದು ಅವನ ಮುಂದೆ ಬೀಳುತ್ತಿದ್ದವು. ಪ್ರತಿಯೊಂದನ್ನೂ ಹಿಂಡಿ, ಗುದ್ದಿ, ಹೊಲಿಗೆ ಎಳೆದು ನೋಡಿ, ಚೆನ್ನಾಗಿದ್ದರೆ ಲೇಬಲ್ ಅಂಟಿಸುವುದು ಅವನ ಉದ್ಯೋಗ. ಡಿಗ್ರಿ ಓದಿದ ಮಗ ಏನು ಮಾಡುತ್ತಿದ್ದಾನೆ ಅಂತ ಯಾರಾದರೂ ಕೇಳಿದರೆ ಅವನ ತಾಯಿ ‘ಕ್ವಾಲಿಟಿ ನೋಡ್ಕೋತಾನೆ’ ಅನ್ನುತ್ತಿದ್ದರು. ದಿಂಬಿಗೆ ಗುದ್ದುತ್ತಾನೆ ಅನ್ನಲು ಯಾವ ಹೆತ್ತಮ್ಮನಿಗೆ ಬಾಯಿ ಬರುತ್ತದೆ?

ಇನ್ನೊಂದು ಜಾಗ ನಿಮಗೆ ಗೊತ್ತಿರಬೇಕು. ಹಾಲ್‌ನ ಮಗ್ಗುಲಲ್ಲಿ, ಕಿಟಕಿಯ ಕಡೆಗೆ, ಸ್ಪಂಜು ತುಂಬಿಟ್ಟ ಉಗ್ರಾಣ. ಅದರ ಬಾಗಿಲ ಎದುರಿಗೇ ಗವಸಿನೊಳಗೆ ಹತ್ತಿ ತುಂಬುವ ಮೇಜು.

ಅಕ್ಕ ಮೊದಲ ಮೆಷಿನ್ನಿಗೆ ಬಂದ ಕಥೆ ಅವರೇ ಹೇಳಿದ್ದು. ಎಳೆ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿ ಹೊಲಿದೂ ಹೊಲಿದೂ ಕಣ್ಣು ಮಂಜಾಯಿತು. ಬೆಳಕಿರುವ ಕಡೆ ಕೂರಿ ಅಂದರು ಡಾಕ್ಟರು. ಕಿಟಕಿಯ ಕೆಳಗೆ ಕೂತರು. ಅಷ್ಟೇ ಸಂಗತಿ. ಆದರೆ ಕಣ್ಣು ಸರಿಯಿಲ್ಲದ್ದಕ್ಕೆ ಅಲ್ಲಿ ಕೂತವರು ಅಂತ ಹೊಸಬರಿಗೆ ಹೇಳುವವರು ಯಾರು? ಮೊದಲ ಮೆಷಿನ್ನಿನಲ್ಲಿ ಕೂತವರು ಮೊದಲನೆಯವರು ಅಂತಾಯಿತು. ಸೂಪರ್‌ವೈಸರನೂ ಪಳಗಿದ ಆಸಾಮಿ. ಏನಾದರೂ ಹೇರಬೇಕಾದರೆ ನೇರ ಕಿಟಕಿಗೆ ಹೋಗುತ್ತಿದ್ದ. “ಅಕ್ಕಾ, ಇವತ್ತೊಂದಿನ ಸ್ವಲ್ಪ ಹೆಚ್ಚಿಗೆ ಹೊಲಿದುಕೊಡಿ, ನಿಮ್ಮ ತಮ್ಮ ಅಂದ್ಕೊಳ್ಳಿ.” ಅಕ್ಕನಿಗೆ ಇಲ್ಲ ಅನ್ನಲು ನಾಲಿಗೆ ಏಳುತ್ತಿರಲಿಲ್ಲ; ತಲೆಯಾಡಿಸಿಬಿಡುತ್ತಿದ್ದರು. ಎರಡೂ ಸಾಲಿನ ತಲೆಗಳು ಆಡುತ್ತಿದ್ದವು. ಆ ಒಂದು ದಿನದ ಹೆಚ್ಚಿಗೆ ಮರುದಿನಕ್ಕೆ ಮಾಮೂಲು.

ನಿಜ ಹೇಳಬೇಕೆಂದರೆ ಅಕ್ಕ ಹುಟ್ಟಾ ಹಿಂದಿನ ಬೆಂಚಿನವರು. ಶಾಲೆಯಲ್ಲಿ ಬೇರೆ ಇಬ್ಬರು ಕೈಯೆತ್ತಿದ ಮೇಲೆಯೇ ಇವರದು ಏಳುತ್ತಿತ್ತಂತೆ. “ನನ್ನ ಮದುವೇನೂ ಹಂಗೇ ಆಗಿದ್ದು,” ಅಂತ ಊಟದ ಹೊತ್ತಿನಲ್ಲಿ ನಗಿಸುತ್ತಿದ್ದರು. “ಗಂಡಿನ ಕಡೆಯೋರು ಬಂದು ಕೂತ್ರು. ಅಮ್ಮ ಅಪ್ಪನ ಮುಖ ನೋಡಿದ್ಲು. ಅಪ್ಪ ನನ್ನ ಮುಖ ನೋಡಿದ. ನಾನು ಅಮ್ಮನ ಮುಖ ನೋಡ್ದೆ. ಯಾರೂ ಬೇಡ ಅನ್ಲಿಲ್ಲ. ಮುಗೀತು, ಮದುವೆ ಆಗೋಯ್ತು!”

“ಆಮೇಲೆ?”

“ಆಮೇಲೇನು, ನನ್ನ ಪುಣ್ಯ, ಮನುಷ್ಯ ಒಳ್ಳೆಯವನಾಗಿದ್ದ. ಕೆಟ್ಟವನಾಗಿದ್ರೂ ಹಂಗೇ ಆಗ್ತಿತ್ತು.”

ಆ ಒಳ್ಳೆಯವನು ಬೇಗ ತೀರಿಕೊಂಡ. ಮಕ್ಕಳಿಲ್ಲ. ಅಕ್ಕ ತಂಗಿಯ ಮನೆಯ ಮುಂದಿನ ಕೋಣೆಯಲ್ಲಿದ್ದರು. ತಂಗಿಯ ಮಗಳೆಂದರೆ ಜೀವ. ಕಾಲೇಜು ಬೇಡ, ದೊಡ್ಡಮ್ಮನ ಜೊತೆ ಕೆಲಸಕ್ಕೆ ಹೋಗುತ್ತೇನೆ ಅಂತ ಆ ಹುಡುಗಿ ಹಟ ಹಿಡಿದಾಗ ತಂಗಿ ಒಂದೇ ಮಾತು ಹೇಳಿದ್ದಳು: “ಬೆಳಿಗ್ಗೆ ಹೆಂಗೆ ಕರ್ಕೊಂಡು ಹೋಗ್ತೀಯೋ, ಸಂಜೆ ಹಂಗೇ ತಂದು ನನ್ನ ಕೈಗೆ ಒಪ್ಪಿಸಬೇಕು ಅಕ್ಕಾ. ಅಷ್ಟೇ ನಾ ಕೇಳೋದು.” ಅಕ್ಕ ದಿನಾ ಸಂಜೆ ಬಾಗಿಲಲ್ಲಿ ನಿಂತು, “ತಗೋಳಮ್ಮಾ, ನಿನ್ನ ಮಾಲು, ಲೆಕ್ಕ ಸರಿ ಇದೆಯಾ ನೋಡ್ಕೋ,” ಅನ್ನುತ್ತಿದ್ದರಂತೆ. ಮನೆಯಲ್ಲಿ ಅದೊಂದು ದಿನನಿತ್ಯದ ತಮಾಷೆ.

ಹುಡುಗಿಗೆ ಸಿಕ್ಕಿದ್ದು ಉಗ್ರಾಣದ ಮುಂದಿನ ಹತ್ತಿ ತುಂಬುವ ಮೇಜು.

ಇನ್ನು ಗಂಟೆಯ ವಿಷಯ. ಹೊಗೆ ಕಂಡರೆ ಬಡಿದುಕೊಳ್ಳುವ ಗಂಟೆಯೊಂದನ್ನು ಮಾಲೀಕರು ಚಾವಣಿಗೆ ಹಾಕಿಸಿದ್ದರು. ಅದು ಇಸ್ತ್ರಿ ಮೇಜಿನ ನೇರ ಮೇಲಕ್ಕೆ ಬಂದಿತ್ತು. ಇಸ್ತ್ರಿಯವನು ಹಬೆ ಬಿಟ್ಟಾಗಲೆಲ್ಲ ಅದು ಅರಚುತ್ತಿತ್ತು. ಅವನು ಮೇಜು ಹತ್ತಿ ಟವೆಲ್ ಬೀಸಿ ಸುಮ್ಮನಾಗಿಸುತ್ತಿದ್ದ. ದಿನ ಕಳೆದಂತೆ ಅದು ಗೋಳೋ ಅಂದರೂ ಯಾರೂ ಸೂಜಿ ನಿಲ್ಲಿಸುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಹುಡುಗಿಗೆ ಇದು ಗೊತ್ತಿರಲಿಲ್ಲ. ಗಂಟೆ ಹೊಡೆದದ್ದೇ ತಡ, “ಬೆಂಕಿ! ದೊಡ್ಡಮ್ಮಾ ಬಾ!” ಅಂತ ಕಿರುಚುತ್ತ ಮೆಟ್ಟಿಲಿಳಿದು ಗೇಟಿನವರೆಗೂ ಓಡಿದಳು. ಹಿಂತಿರುಗಿ ನೋಡಿದರೆ ಒಬ್ಬರೂ ಬಂದಿಲ್ಲ. ಮೇಲೆ ಬಂದಾಗ ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಎಲ್ಲರೂ ನಗುವುದನ್ನು ನೋಡಿ ಅಕ್ಕನೂ ಸೆರಗು ಅಡ್ಡ ಹಿಡಿದು ಒಂಚೂರು ನಕ್ಕರು. ಅವತ್ತಿನಿಂದ ಅವಳ ಹೆಸರು ‘ಅಂಬುಲೆನ್ಸ್’. “ದಾರಿ ಬಿಡ್ರೋ, ಅಂಬುಲೆನ್ಸ್ ಬಂತು!” ಅನ್ನದೆ ಯಾರೂ ಅವಳಿಗೆ ಗವಸು ಕೊಡುತ್ತಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ಆಮೇಲೆ ಗಂಟೆ ಹೊಡೆದಾಗಲೆಲ್ಲ ಹುಡುಗಿ ತಲೆ ತಗ್ಗಿಸಿ ಎಲ್ಲರಿಗಿಂತ ಜೋರಾಗಿ ಹತ್ತಿ ತುರುಕತೊಡಗಿದಳು.

ಟೀ ಹೊತ್ತಿಗೆ ಮಾತ್ರ ಯಾವ ಗಂಟೆಯೂ ಇರಲಿಲ್ಲ. ಗೋಡೆಯ ಗಡಿಯಾರ ಯಾವ ಕಾಲದಲ್ಲೋ ಕಣ್ಣು ಮುಚ್ಚಿತ್ತು. ಸೂಪರ್‌ವೈಸರ್ ತಾನಾಗಿ ಟೀಗೆ ಬಿಡುವ ಪೈಕಿಯವನಲ್ಲ. ಎಲ್ಲರೂ ಎದ್ದರೆ ತಡೆಯುವವನೂ ಅಲ್ಲ. ಮೊದಲು ಏಳುವುದು ಯಾರು? ಇಲ್ಲಿ ಬರುತ್ತದೆ ಕನ್ನಡಕ. ಹತ್ತಿರದ್ದು ಕಾಣುವ ಕನ್ನಡಕ ಅದು. ಅದನ್ನಿಟ್ಟುಕೊಂಡು ಅಕ್ಕ ಸೂಜಿಯ ಕಣ್ಣಿಗೆ ಕಣ್ಣು ಹಚ್ಚಿ ಹೊಲಿಯುತ್ತಿದ್ದರು. ಟೀ ಹೊತ್ತಾಯಿತೆಂದರೆ ಹಠಾತ್ತನೆ ಕನ್ನಡಕ ಎತ್ತಿ ತಲೆ ಮೇಲಿಡುತ್ತಿದ್ದರು. ಅಷ್ಟೇ, ಇಡೀ ಹಾಲ್ ಎದ್ದು ನಿಲ್ಲುತ್ತಿತ್ತು. ಇದು ಹೇಗೆ ಶುರುವಾಯಿತೋ ಯಾರಿಗೂ ಗೊತ್ತಿಲ್ಲ, ಯಾರೂ ಬಾಯಿಬಿಟ್ಟು ಹೇಳಿದ್ದೂ ಇಲ್ಲ. ಹೊಸಬರು ಒಂದು ವಾರದಲ್ಲಿ ಕಲಿತುಬಿಡುತ್ತಿದ್ದರು: ಕನ್ನಡಕ ಮೂಗಿನ ಮೇಲಿದ್ದರೆ ಕೆಲಸ, ತಲೆಯ ಮೇಲಿದ್ದರೆ ಬಿಡುವು. ಚೆಕರನೂ ಕಲಿತ. ಬೆಳಿಗ್ಗೆಯೆಲ್ಲ ದಿಂಬಿಗೆ ಗುದ್ದುತ್ತ ಕದ್ದು ಕದ್ದು ಕಿಟಕಿಯ ಕಡೆ ನೋಡುತ್ತಿದ್ದ. ಕನ್ನಡಕ ಏರಿತೋ, ಕುರ್ಚಿ ಹಿಂದಕ್ಕೆ ತಳ್ಳಿ ಏಳುತ್ತಿದ್ದ.

ಹೀಗಿರುವಾಗ ಒಂದು ಸಂಗತಿ ಅವನ ಗಮನಕ್ಕೆ ಬಂತು. ಕನ್ನಡಕ ಎತ್ತಿದ ಮೇಲೆ ಅಕ್ಕ ನೋಡುತ್ತಿದ್ದುದು ನೆಟ್ಟಗೆ ಅವನನ್ನೇ! ಉದ್ದನೆಯ ಹಾಲ್‌ನ ಆ ತುದಿಯಿಂದ ಈ ತುದಿಗೆ, ಕಣ್ಣು ಕಿರಿದು ಮಾಡಿಕೊಂಡು, ಎಷ್ಟು ಜನರನ್ನು ದಾಟಿ! ಮದುವೆಯಾಗದ ಗಂಡಸಿನ ಬುದ್ಧಿ ಇಂಥಲ್ಲಿ ಎಲ್ಲಿಗೆ ಓಡುತ್ತದೆ ಅಂತ ಬಿಡಿಸಿ ಹೇಳಬೇಕೇ? ತಂಗಿಯ ಮಗಳಿಗೆ ಗಂಡು ನೋಡುತ್ತಿದ್ದಾರೆ ಅಂತ ಅವನು ತೀರ್ಮಾನಕ್ಕೆ ಬಂದ. ಒಂದು ದಿನ ಆ ಹುಡುಗಿಯೇ ದಿಂಬಿನ ಮೂಟೆ ಇಳಿಸುತ್ತ, “ನಮ್ಮ ದೊಡ್ಡಮ್ಮ ಮನೇಲೂ ನಿಮ್ಮ ಮಾತೇ ಆಡ್ತಾರೆ. ಓದಿರೋ ಹುಡುಗ, ಆಫೀಸಿನೋರ ಪಕ್ಕ ಕೂರ್ತಾನೆ, ಅವನಿಗೆಲ್ಲ ಗೊತ್ತಿರುತ್ತೆ ಅಂತಾರೆ,” ಅಂದಳು. ಇನ್ನೇನು ಬೇಕು! ಮರುದಿನದಿಂದ ಮೇಜಿನ ಸೆಳೆಖಾನೆಯಲ್ಲಿ ಒಂದು ಬಾಚಣಿಗೆ. ಟೀ ಹೊತ್ತಿಗೆ ಮುಂಚೆ ಕ್ರಾಪು ತೀಡಿಕೊಂಡು, ಎದೆ ಮುಂದೆ ಮಾಡಿ, ಭಾವೀ ಅಳಿಯನ ಗತ್ತಿನಲ್ಲಿ ಅವನು ಕಿಟಕಿಯ ಕಡೆ ನೋಡುತ್ತಿದ್ದ.

ಆ ದಿನ ಬೆಳಿಗ್ಗೆ ಮೆಟ್ಟಿಲ ಬಳಿ ಅಕ್ಕ ಹೊಸ ಕನ್ನಡಕ ಹಾಕಿಕೊಂಡು ಬಂದರು. ಹುಡುಗಿ ತನ್ನ ಸಂಬಳದಲ್ಲಿ ಮಾಡಿಸಿಕೊಟ್ಟದ್ದು. ಚಿನ್ನದ ಬಣ್ಣದ ಫ್ರೇಮು.

“ಹೀರೋಯಿನ್ ಬಂದ್ರು!” ಅಂದ ಮೂಟೆ ಹೊರುವವನು. ಇಂಥ ಮಾತಿಗೆ ಯಾವಾಗಲೂ ಮೊದಲಿಗನಾದ ಇಸ್ತ್ರಿಯವನು ಅವತ್ತು ರಜೆಯಲ್ಲಿದ್ದ.

“ಸುಮ್ನಿರೋ, ನಾಚಿಕೆಯಾಗುತ್ತೆ,” ಅಂದರು ಅಕ್ಕ, ಆದರೆ ತೆಗೆಯಲಿಲ್ಲ.

“ಮೇಲಿನ ಅರ್ಧದಲ್ಲಿ ದೂರದ್ದು, ಕೆಳಗಿನ ಅರ್ಧದಲ್ಲಿ ಹತ್ತಿರದ್ದು,” ಹುಡುಗಿ ಎಲ್ಲರಿಗೂ ವಿವರಿಸಿದಳು. “ಇನ್ಮೇಲೆ ನಮ್ಮ ದೊಡ್ಡಮ್ಮ ಕನ್ನಡಕ ಎತ್ತೋ ಹಂಗೇ ಇಲ್ಲ!”

ಎಲ್ಲರೂ ಕೇಳಿಸಿಕೊಂಡರು. ಎಲ್ಲರೂ ಚೆನ್ನಾಗಿದೆ ಅಂದರು. ಚೆಕರ್ ಎಲ್ಲರಿಗಿಂತ ಒಂದು ಪಟ್ಟು ಹೆಚ್ಚಾಗಿಯೇ ಅಂದ.

ಟೀಗೆ ಇನ್ನೂ ಸ್ವಲ್ಪ ಹೊತ್ತಿದ್ದಾಗ ಗಂಟೆ ಬಡಿದುಕೊಂಡಿತು.

ಮುಂದಿನದನ್ನು ಬರೆಯುವಾಗ ಕೈ ತಣ್ಣಗಾಗುತ್ತದೆ. ಬೆಂಕಿ ಎಂಥವರಿಗೂ ಹೆದರಿಕೆಯೇ, ಅದಕ್ಕಲ್ಲ. ಅವತ್ತು ಆ ಹಾಲ್‌ನಲ್ಲಿ ಯಾರೂ ಹೆದರಲಿಲ್ಲವಲ್ಲ, ಅದಕ್ಕೆ.

ಗಂಟೆ ಹೊಡೆಯಿತು, ಮೆಷಿನ್ನುಗಳು ಓಡುತ್ತಲೇ ಇದ್ದವು. “ಹಬೆ ಜಾಸ್ತಿ ಬಿಟ್ಟ ಅಂತ ಕಾಣುತ್ತೆ,” ಅಂದಳು ಸಾಲಿನ ಮಧ್ಯದಲ್ಲಿದ್ದವಳು. ಚೆಕರ್ ಇಸ್ತ್ರಿ ಮೇಜಿನ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆ ತಣ್ಣಗೆ, ಕಾಲು ಮೇಲೆ ಮಾಡಿ ಮಲಗಿತ್ತು. ಇದನ್ನು ಅವನು ಕಣ್ಣಾರೆ ನೋಡಿದ. ನೋಡಿ, “ಹೂಂ, ಹಬೆ ಇರಬೇಕು,” ಅಂದ! ಈ ಮಾತು ಅವನ ಬಾಯಿಂದಲೇ ಬಂತು, ಇವತ್ತಿಗೂ ಅವನ ಕಿವಿಯಲ್ಲಿದೆ.

ಉಗ್ರಾಣದ ಬಾಗಿಲ ಕೆಳಗಿನಿಂದ ಬೂದು ಬಣ್ಣದ್ದೇನೋ ನೆಲದ ಮೇಲೆ ಹರಿದು ಬಂತು. ಬೆಕ್ಕು ನುಸುಳಿದ ಹಾಗೆ, ಸದ್ದಿಲ್ಲದೆ. ಸುಟ್ಟ ರಬ್ಬರಿನ ವಾಸನೆ. ಒಬ್ಬಳು ಕೆಮ್ಮಿದಳು. ಪಕ್ಕದವಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಹೊಲಿದಳು. ನೋಡಿ, ಸೆರಗು ಕಟ್ಟಿಕೊಂಡು ಹೊಲಿದಳು! ಅವಳನ್ನು ನೋಡಿ ಇನ್ನಿಬ್ಬರು ಕಟ್ಟಿಕೊಂಡರು. ಎಲ್ಲರ ಕಣ್ಣೂ ಒಂದೊಂದು ಸಲ ಕಿಟಕಿಯ ಕಡೆ ಹೋಗಿ ಬರುತ್ತಿತ್ತು. ಹೊಸ ಕನ್ನಡಕ ಅಕ್ಕನ ಮೂಗಿನ ಮೇಲೆ ಭದ್ರವಾಗಿ ಕೂತಿತ್ತು. ಹಾಗಾದರೆ ಏನೂ ಆಗಿಲ್ಲ.

ಹತ್ತಿ ತುಂಬುವ ಮೇಜಿನಿಂದ ಹುಡುಗಿ ಎದ್ದು ನಿಂತಳು. ಒಂದು ಹೆಜ್ಜೆ ಇಟ್ಟಳು.

“ಅಂಬುಲೆನ್ಸ್ ಹೊರಟಿತು!” ಯಾರೋ ಕೂಗಿದರು. ಕೆಮ್ಮಿನ ನಡುವೆಯೂ ಕಿಸಿಕಿಸಿ ನಗು. ಹುಡುಗಿ ದೊಡ್ಡಮ್ಮನನ್ನು ನೋಡಿದಳು. ದೊಡ್ಡಮ್ಮ ಕೂತಿದ್ದರು. ಅವಳೂ ಮೆಲ್ಲಗೆ ಕೂತಳು.

ಚೆಕರನಿಗೆ ಆಗ ತನ್ನ ಪರೀಕ್ಷೆಯ ಉತ್ತರ ನೆನಪಾಯಿತು. ಡಿಗ್ರಿಯಲ್ಲಿ ಅವನಿಗೆ ಸಮಾಜ ಮನೋವಿಜ್ಞಾನದ ಪತ್ರಿಕೆಯಿತ್ತು. ‘ಅಪಾಯದ ಹೊತ್ತಿನಲ್ಲಿ ಗುಂಪಿನಲ್ಲಿರುವ ಒಬ್ಬೊಬ್ಬನೂ ಇನ್ನೊಬ್ಬನ ಮುಖ ನೋಡುತ್ತಾನೆ. ಯಾರೂ ಗಾಬರಿಯಾಗದ್ದನ್ನು ಕಂಡು, ಗಾಬರಿಯಾಗುವಂಥದ್ದೇನೂ ಇಲ್ಲವೆಂದು ತಿಳಿಯುತ್ತಾನೆ. ಹೊಣೆ ಎಲ್ಲರಿಗೂ ಹಂಚಿಹೋಗಿ ಯಾರ ಪಾಲಿಗೂ ಉಳಿಯುವುದಿಲ್ಲ.’ ಉರು ಹೊಡೆದು, ಅಡಿಗೆರೆ ಎಳೆದು ಬರೆದಿದ್ದ. ಒಳ್ಳೆಯ ಅಂಕ ಬಂದಿತ್ತು. ‘ಓಹೋ, ಅದೇ ಇದು!’ ಅಂತ ಅವನಿಗೆ ಖುಷಿಯೂ ಆಯಿತು. ಪಾಠ ಕಣ್ಣ ಮುಂದೆ ನಡೆಯುತ್ತಿದೆ, ಎಷ್ಟು ಚೆನ್ನಾಗಿ ಹೊಂದುತ್ತದೆ! ಹಾಗೆ ಅಂದುಕೊಂಡು ಅವನು ಏನು ಮಾಡಿದ ಗೊತ್ತೇ? ಇನ್ನೊಂದು ದಿಂಬು ತೆಗೆದುಕೊಂಡು ಗುದ್ದಿದ. ಗುದ್ದಿ, ಕಿಟಕಿಯ ಕಡೆ ನೋಡಿದ. ಹೊಗೆಯ ಆಚೆ ಅಕ್ಕ ಅವನನ್ನೇ ನೋಡುತ್ತಿದ್ದರು. ಕನ್ನಡಕ ಏರಿರಲಿಲ್ಲ. ಅವನು ಲೇಬಲ್ ಅಂಟಿಸಿದ.

ಅಷ್ಟರಲ್ಲಿ ಗೇಟಿನಾಚೆಯ ಅಂಗಡಿಯ ಟೀಯವನು ಸೂಪರ್‌ವೈಸರನಿಗೆ ಟೀ ಕೊಡಲು ಮೆಟ್ಟಿಲು ಹತ್ತಿ ಬಂದ. ಬಿಸಿಲಿನಿಂದ, ಬೀದಿಯಿಂದ, ನಮ್ಮ ಯಾರ ಮುಖವನ್ನೂ ನೋಡದೆ ಬಂದವನು. ಬಾಗಿಲಲ್ಲಿ ನಿಂತು ಒಳಗೆ ಕಣ್ಣು ಹಾಯಿಸಿದ. ಕೆಟಲು ಕೈಯಿಂದ ಜಾರಿ ಮೆಟ್ಟಿಲ ಮೇಲೆ ಉರುಳುತ್ತ ಹೋಯಿತು.

“ಏನ್ರೋ ಇದು! ಸಾಯ್ತಾ ಇದೀರಾ ನೀವು? ಸಾಯ್ತಾ ಕೂತ್ಕೊಂಡು ಹೊಲೀತಾ ಇದೀರಾ?”

ಯಾರೂ ಏಳಲಿಲ್ಲ. ದೇವರಾಣೆಗೂ, ಆಗಲೂ ಯಾರೂ ಏಳಲಿಲ್ಲ. ಆ ಮನುಷ್ಯ ಬೆರಳು ಮಾಡಿ ತೋರಿಸಿದ: “ಏಯ್ ನೀನು, ಟೈ! ಏಳೋ ಮೇಲೆ! ನೀನು, ಹಸಿರು ಸೀರೆ, ಮೆಷಿನ್ ಆರ್ಸು! ಸೂಪರ್‌ವೈಸರೇ, ಬಾಗಿಲು ಪೂರ್ತಿ ತೆಗೀರಿ!”

ತನ್ನನ್ನೇ ಕರೆದರೆಂದು ಗೊತ್ತಾದ ಕೂಡಲೇ ಚೆಕರನ ಕಾಲಿಗೆ ಜೀವ ಬಂತು. ಎಂಥ ಜೀವ! ಅವನು ಎದ್ದ, ಎಲ್ಲರೂ ಎದ್ದರು, ಮೆಷಿನ್ನುಗಳು ಉರುಳಿದವು, ಕಿರುಚಾಟ ಮುಗಿಲು ಮುಟ್ಟಿತು. ಬಾಗಿಲ ಪಕ್ಕದಲ್ಲಿದ್ದವನಲ್ಲವೇ, ಅವನೇ ಎಲ್ಲರಿಗಿಂತ ಮೊದಲು ಕೆಳಗೆ ತಲುಪಿದ. ಅಳಿಯನ ಗತ್ತು ಎಲ್ಲೋ ಮೆಟ್ಟಿಲ ಮೇಲೆ ಬಿದ್ದುಹೋಗಿತ್ತು.

ಕೆಳಗೆ ಅಂಗಳದಲ್ಲಿ ಕೆಮ್ಮುತ್ತ, ಉಗುಳುತ್ತ ಜನ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಅಕ್ಕ ಇರಲಿಲ್ಲ. ಹುಡುಗಿಯೂ ಇರಲಿಲ್ಲ. ಟೀಯವನು ಟವೆಲ್ ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡು ಮತ್ತೆ ಮೇಲೆ ಹೋದ. ಅವನು ಇಳಿದು ಬಂದಾಗ ಹುಡುಗಿ ಅವನ ಹೆಗಲ ಮೇಲಿದ್ದಳು. ಕೈಗಳು ಹತ್ತಿ ಸಾಲದ ದಿಂಬಿನ ಹಾಗೆ ಜೋತಾಡುತ್ತಿದ್ದವು. ಹಿಂದೆ ಅಕ್ಕ, ಹುಡುಗಿಯ ಒಂದು ಚಪ್ಪಲಿ ಹಿಡಿದುಕೊಂಡು. ಎಲ್ಲರೂ ಬಾಗಿಲ ಕಡೆ ಓಡುವಾಗ ಅವರು ಹೊಗೆಯ ಕಡೆ ಓಡಿದ್ದರು. ಹುಡುಗಿ ಹತ್ತಿ ಮೇಜಿನ ಅಡಿಯಲ್ಲಿ ಬಿದ್ದಿದ್ದಳಂತೆ, ಕೈಯಲ್ಲಿ ಅರ್ಧ ತುಂಬಿದ ಗವಸು ಹಾಗೇ ಇತ್ತಂತೆ.

ಸಂಜೆ ಆಸ್ಪತ್ರೆಯ ಬಾಗಿಲಲ್ಲಿ ತಂಗಿ ಸಿಕ್ಕಿದಳು. ತಂಗಿ ಅಳಲಿಲ್ಲ, ಕೂಗಲಿಲ್ಲ. ಅಕ್ಕನ ಕೈಯಲ್ಲಿದ್ದ ಚಪ್ಪಲಿಯನ್ನು ತೆಗೆದುಕೊಂಡಳು. “ಇಷ್ಟೇನಾ ಅಕ್ಕಾ?” ಅಂದಳು.

ಹುಡುಗಿಗೆ ಪ್ರಜ್ಞೆ ಬರುತ್ತದೋ ಇಲ್ಲವೋ ಅಂತ ಡಾಕ್ಟರೂ ಹೇಳಲಾರದ ಆ ದಿನಗಳಲ್ಲಿ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಕಾರ್ಖಾನೆಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕೇಳಿದರು. ಗಂಟೆ ಕೇಳಿಸಿತ್ತೇ? ಕೇಳಿಸಿತ್ತು. ಹೊಗೆ ಕಂಡಿತ್ತೇ? ಕಂಡಿತ್ತು. ಮತ್ತೆ ಯಾಕಮ್ಮ ಏಳಲಿಲ್ಲ?

“ಕಿಟಕಿ ಅಕ್ಕ ಕನ್ನಡಕ ಎತ್ಲಿಲ್ಲ ಸಾರ್.”

ಅಧಿಕಾರಿ ಪೆನ್ನು ಕೆಳಗಿಟ್ಟು, “ಏನಂದ್ರಿ?” ಅಂದರು.

ಮುಂದಿನವಳನ್ನು ಕೇಳಿದರೂ ಅದೇ. ಅದರ ಮುಂದಿನವಳೂ ಅದೇ. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದರು. ಮೊದಲ ಸಲ ಕೇಳಿದಾಗ ಯಾರ ಮಾತೋ ಅಂತ ಹಿಂತಿರುಗಿ ನೋಡಿದರು. ಎರಡನೆಯ ಸಲ ಕೈ ತಾನಾಗಿ ಕನ್ನಡಕ ಮುಟ್ಟಿಕೊಂಡಿತು. ಆಮೇಲೆ ಗರ ಬಡಿದವರಂತೆ, ಹೇಳುವವರ ಬಾಯಿಯನ್ನು ಮಾತ್ರ ನೋಡುತ್ತ ಕೂತರು. ತನ್ನ ಮೂಗಿನ ಮೇಲೆ ಇಡೀ ಹಾಲ್‌ನ ಜೀವ ಕೂತಿತ್ತು ಅನ್ನುವುದು ಆ ಹೆಂಗಸಿಗೆ ಗೊತ್ತೇ ಇರಲಿಲ್ಲ. ಒಬ್ಬರಾದರೂ ಒಂದು ದಿನವಾದರೂ ಹೇಳಿದ್ದರೆ ತಾನೇ!

ಸೂಪರ್‌ವೈಸರ್ ಅದನ್ನೇ ಹಿಡಿದುಕೊಂಡ. “ಎಲ್ಲ ಇವರ ಮಾತೇ ಸಾರ್ ಇಲ್ಲಿ. ಇವರು ಏಳ್ದೆ ಯಾರೂ ಏಳಲ್ಲ.” ತಾನು ಗಾಜಿನ ಕೋಣೆಯಲ್ಲಿ ಏನು ಮಾಡುತ್ತಿದ್ದೆ ಅನ್ನುವುದನ್ನು ಅವನು ಹೇಳಲಿಲ್ಲ.

ಚೆಕರನ ಸರದಿ ಬಂತು. ಅಧಿಕಾರಿ ಅವನ ಟೈ ನೋಡಿ ಸ್ವಲ್ಪ ಆಸೆಯಿಂದ, “ನೀವು ಓದಿದವರು, ಬಾಗಿಲ ಪಕ್ಕದಲ್ಲೇ ಇದ್ದವರು. ನೀವ್ಯಾಕೆ ಏಳಲಿಲ್ಲ?” ಅಂತ ಕೇಳಿದರು.

ಅಡಿಗೆರೆ ಎಳೆದು ಬರೆದಿದ್ದ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಬಂದದ್ದು ಬೇರೆ.

“ಕಿಟಕಿ ಅಕ್ಕ ಎದ್ದಿರಲಿಲ್ಲ ಸಾರ್.”

ಅಕ್ಕ ಆಗ ಒಂದು ಸಲ ತಲೆಯೆತ್ತಿ ಅವನನ್ನು ನೋಡಿದರು. ಅವನಿಗದು ಬೈಗುಳವಾಗಿ ಕಾಣಲಿಲ್ಲ, ನೋವಾಗಿಯೂ ಕಾಣಲಿಲ್ಲ. ಬೆರಗು, ಬರೀ ಬೆರಗು. ಅಧಿಕಾರಿ ಅವರ ಕಡೆ ತಿರುಗಿ, “ನೀವು ಯಾಕಮ್ಮ ಏಳಲಿಲ್ಲ?” ಅಂದರು. ಅಕ್ಕ ಉತ್ತರ ಕೊಡಲಿಲ್ಲ. ಎರಡು ಸಲ ಕೇಳಿದರೂ ಕೊಡಲಿಲ್ಲ.

ಹುಡುಗಿ ಬದುಕಿದಳು. ಅದನ್ನು ಮೊದಲೇ ಹೇಳಿಬಿಡಬೇಕಿತ್ತೇನೋ, ಆದರೆ ನಮಗೂ ಮೊದಲೇ ಗೊತ್ತಿರಲಿಲ್ಲವಲ್ಲ. ಕಣ್ಣು ಬಿಟ್ಟಳು, ನೀರು ಕೇಳಿದಳು. ಗಂಟಲು ಮಾತ್ರ ಸುಟ್ಟ ಕಾಗದದಂತಾಗಿತ್ತು. ಪಿಸುಮಾತು ಬಿಟ್ಟರೆ ಬೇರೆ ದನಿಯಿಲ್ಲ. ದೊಡ್ಡಮ್ಮನನ್ನು ನೋಡಿ ಅವಳು ಮೊದಲು ಹೇಳಿದ್ದು, “ನಾನು ಎದ್ದಿದ್ದೆ ದೊಡ್ಡಮ್ಮಾ. ನೀನು ಎದ್ದಿರ್ಲಿಲ್ಲ.”

ಬಯ್ಯುವ ದನಿಯಲ್ಲಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು.

ಅದಾದ ಮರುದಿನ ಚೆಕರ್ ಹಣ್ಣಿನ ಚೀಲ ಹಿಡಿದುಕೊಂಡು ಆಸ್ಪತ್ರೆಗೆ ಹೋದ. ಬಾಚಣಿಗೆ ಮುಟ್ಟಿರಲಿಲ್ಲ. ಅಕ್ಕ ವರಾಂಡದ ಬೆಂಚಿನ ಮೇಲೆ ಕೂತಿದ್ದರು. ಹೊಸ ಕನ್ನಡಕ ಮಡಿಲಲ್ಲಿತ್ತು. ಅವನು ಪಕ್ಕದಲ್ಲಿ ಕೂತ.

“ಅಲ್ಲ ಕಣಪ್ಪ,” ಅಂದರು ಅಕ್ಕ, “ನನ್ನ ಕನ್ನಡಕದಲ್ಲಿ ಏನಿತ್ತು ಅಂತ ಎಲ್ಲರೂ ನೋಡ್ತಿದ್ರು?”

“ನೀವು ಎತ್ತಿದ್ರೆ ಟೀ ಅಕ್ಕಾ. ಎತ್ತದಿದ್ರೆ ಇಲ್ಲ.”

“ಯಾರು ಮಾಡಿದ್ದು ಈ ಕಾನೂನು?”

“ಯಾರೂ ಮಾಡ್ಲಿಲ್ಲ.”

“ಮತ್ತೆ ನಡೀತಿತ್ತು?”

“ನಡೀತಿತ್ತು.”

“ಅಯ್ಯೋ ನನ್ನ ಕರ್ಮವೇ. ಹಳೇ ಕನ್ನಡಕದಲ್ಲಿ ದೂರದ್ದು ಕಾಣ್ತಿರ್ಲಿಲ್ಲ, ಅದಕ್ಕೆ ಎತ್ತಿ ನೋಡ್ತಿದ್ದೆ ಕಣೋ! ಹೊಸದ್ರಲ್ಲಿ ಎತ್ತದೇನೆ ಕಾಣುತ್ತೆ.” ಕನ್ನಡಕವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಆ ಮಗು ತನ್ನ ಕೈಯಾರೆ ತಂದುಕೊಟ್ಟಿದ್ದು.”

ಅಲ್ಲಿಗೆ ಸುಮ್ಮನಾಗಿದ್ದರೆ ಚೆಕರ್ ಮನುಷ್ಯ ಅನ್ನಿಸಿಕೊಳ್ಳುತ್ತಿದ್ದ. ಆದರೆ ಒಂದು ಪ್ರಶ್ನೆ ಅವನ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿತ್ತು. ಅಧಿಕಾರಿ ಕೇಳಿದ್ದರು, ತಂಗಿಯೂ ಕೇಳಿದ್ದಳಂತೆ. ಇಬ್ಬರಿಗೂ ಉತ್ತರ ಸಿಕ್ಕಿರಲಿಲ್ಲ. ಕೇಳಬಾರದ್ದು ಅಂತ ಗೊತ್ತಿದ್ದೂ ಅವನು ಕೇಳಿದ.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ಗಂಟೆ ನಿಮಗೂ ಕೇಳಿಸ್ತು. ಹೊಗೆ ನಿಮ್ಮ ಪಕ್ಕದಿಂದಲೇ ಬಂತು. ಅವತ್ತು ನೀವ್ಯಾಕೆ ಏಳ್ಲಿಲ್ಲ?”

ಅಕ್ಕ ಕನ್ನಡಕ ಹಾಕಿಕೊಂಡರು. ಅದರ ಮೇಲಿನ ಅರ್ಧದಿಂದ ಅವನನ್ನು ನೆಟ್ಟಗೆ ನೋಡಿದರು.

“ಬಾಗಿಲ ಪಕ್ಕ ಕೂತೋನು, ಓದಿದೋನು, ನೀನೇ ಎದ್ದಿರ್ಲಿಲ್ಲವಲ್ಲೋ.”